ಚಕಮಕಿ ಪಿಸ್ತೂಲಿನ ಕಿಟ್ ತಂದಿದ್ದೇನೆ, ಹಿಡಿಗೆ ಹುಲಿಪಟ್ಟೆ ಹಾಕುವ ಆಸೆ: ಗೊತ್ತಿರುವವರು ಹೇಳಿ

ಓಹಾಯೋಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓಹಾಯೋದಲ್ಲಿ, ಊರು ಶ್ರೀರಂಗಪಟ್ಟಣದ ಪಕ್ಕ. ಇಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿ ಕೋವಿ, ಪಿಸ್ತೂಲುಗಳನ್ನು ಬಿಡಿಬಿಡಿಯಾಗಿ ಡಬ್ಬದಲ್ಲಿ ಹಾಕಿ ಮಾರುತ್ತಾರೆ. ಮನೆಗೆ ತಂದು ಉಜ್ಜಿ, ಬಣ್ಣ ಕೊಟ್ಟು ನಾವೇ ಜೋಡಿಸಿಕೊಳ್ಳಬೇಕು. ನಾನು ತಂದಿರುವುದು ಕೆಂಟಕಿ ಮಾದರಿಯ ಪಿಸ್ತೂಲು, .50 ಕ್ಯಾಲಿಬರ್, ಚಕಮಕಿ ಕಲ್ಲಿನದು. ನಳಿಗೆ, ಕುದುರೆ (ಕಲ್ಲು ಹಿಡಿದು ಬಡಿಯುವ ಭಾಗ), ಟ್ರಿಗರ್ ಎಲ್ಲ ಫ್ಯಾಕ್ಟರಿಯಲ್ಲೇ ಪೂರ್ತಿ ಆಗಿ ಬಂದಿದೆ. ಹಿಡಿಯ ಮರ ಮಾತ್ರ ಒರಟು, ಬಿಳಿಚಿಕೊಂಡಿದೆ, ಬೀಚ್ ಅನ್ನುವ ಮರ ಇರಬೇಕು. ಹಿತ್ತಾಳೆ ತುಂಡುಗಳ ಮೇಲೆ ಅಚ್ಚಿನ ಗೆರೆ ಹಾಗೇ ಉಳಿದಿದೆ.

ಎಲ್ಲರ ಹಾಗೆ ಕಂದು ಬಣ್ಣ ಬಳಿದು ಗೋಡೆಗೆ ಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಮಾಡಿದ ಕೋವಿಗಳ ಮೇಲೆ ಹುಲಿಪಟ್ಟೆ ಇರುತ್ತಲ್ಲ, ಅದನ್ನು ಹಿಡಿಯ ಮೇಲೆ ತರಬೇಕು ಅಂತ ಆಸೆ. ಬಣ್ಣದಲ್ಲಿ ಬರೆಯಬೇಕಾ, ಸುಡಬೇಕಾ, ಕೆತ್ತಬೇಕಾ? ಇನ್ನೊಂದು, ಹೊಸದು ಹೊಸದಾಗೇ ಕಾಣಬೇಕಾ ಅಥವಾ ಇನ್ನೂರು ವರ್ಷ ಹಳೇದರ ಹಾಗೆ ಮಾಡಬೇಕಾ? ಯೂಟ್ಯೂಬಲ್ಲಿ ಜನ ಸರಪಳಿಯಿಂದ ಹೊಡೆದು, ಆಸಿಡ್ ಹಾಕಿ ಹಳೇದು ಮಾಡುತ್ತಾರೆ. ಹೆಂಡತಿ ನೋಡಿ, ‘ಅಷ್ಟು ದುಡ್ಡು ಕೊಟ್ಟು ಹೊಸದು ತಂದು ಅದನ್ನ ಯಾಕ್ರೀ ಹೊಡೀಬೇಕು’ ಅಂದಳು.

ಕರಿಮದ್ದು

ಮನೆಯವರು ಹೇಳಿದ್ದೇ ಸರಿ ಗುರು.

ನಾನೂ ಈ ಕಡೆಯವನೇ, ಇಂಡಿಯಾನಾ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮರ, ಹಿತ್ತಾಳೆ, ನಳಿಗೆಯ ಹೊರಮೈ ಬಣ್ಣ, ಇದೆಲ್ಲ ನಿಮ್ಮದು, ಏನು ಬೇಕಾದರೂ ಆಡಿ. ನಳಿಗೆಯ ಒಳಗೆ, ಹಿಂದಿನ ಬಿರಡೆ, ಬತ್ತಿ ತೂತು, ಕುದುರೆಯ ಸ್ಪ್ರಿಂಗ್, ಇವಕ್ಕೆ ಕೈ ಹಾಕಬೇಡಿ. ‘ಟ್ರಿಗರ್ ಸ್ವಲ್ಪ ಗಟ್ಟಿ, ನಾನೇ ಉಜ್ಜಿ ಸಡಿಲ ಮಾಡ್ತೀನಿ’ ಅಂತ ಕೂತವರ ಕೋವಿ, ಕುದುರೆ ಅರ್ಧ ಎತ್ತಿದ್ದಾಗಲೇ ಹಾರಿಬಿಡುತ್ತದೆ. ಆ ಕೆಲಸ ಏನಿದ್ದರೂ ಬಂದೂಕು ರಿಪೇರಿಯವನಿಗೇ ಕೊಡಿ.

ಇನ್ನು ಹಳೇದು ಮಾಡುವ ವಿಚಾರ. ಸರಪಳಿಯಿಂದ ಹೊಡೆದ ಗುರುತು ಎಲ್ಲಾ ಕಡೆ ಒಂದೇ ಥರ ಇರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ಹಳೇದಾದ ಕೋವಿ ಸವೆಯುವುದು ಕೈ ತಗುಲುವ ಕಡೆ. ಹಿಡಿಯ ಕುತ್ತಿಗೆ, ನಳಿಗೆಯ ಬಾಯಿ, ಗಜ (ಮದ್ದು, ಗುಂಡು ಒಳಗೆ ತಳ್ಳುವ ಕೋಲು) ತೂರುವ ಜಾಗ. ನೀವು ವರ್ಷಕ್ಕೆ ನಾಲ್ಕು ಸಲ ಗುಂಡು ಹೊಡೆದು, ತೊಳೆದು, ಎಣ್ಣೆ ಹಚ್ಚಿದರೆ ಅದೇ ತಾನಾಗಿ ಆ ಬಣ್ಣಕ್ಕೆ ಬರುತ್ತದೆ. ಅವಸರ ಯಾಕೆ?

ಪೇಟೆಬೀದಿ

ಮೈಸೂರಿಂದ. ಹುಲಿಪಟ್ಟೆ ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಜೀಬ್ರಾದ ಹಾಗೆ ಅಡ್ಡಡ್ಡ ಉದ್ದ ಪಟ್ಟೆ ಎಳೆಯಬೇಡಿ, ಅದು ‘ಬಬ್ರಿ’ ಅಲ್ಲ. ಬಬ್ರಿ ಅಂದರೆ ಗಿಡ್ಡ ಪಟ್ಟೆ. ನಡುವೆ ದಪ್ಪ, ಎರಡೂ ತುದಿ ಚೂಪು, ಮೈ ಸ್ವಲ್ಪ ಬಳುಕಿರುತ್ತದೆ. ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಹರಡಿರುತ್ತದೆ. ಕತ್ತಿ, ಕೋವಿ, ಫಿರಂಗಿ, ಸೈನಿಕರ ಅಂಗಿ ಎಲ್ಲದರ ಮೇಲೂ ಅದೇ. ಮೊದಲು ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿ. ಹಿಡಿ ಗುಂಡಗಿರುವುದರಿಂದ ಚಪ್ಪಟೆ ಕಾಗದದ ಚಿತ್ರ ಅಲ್ಲಿ ಎಳೆದ ಹಾಗೆ ಕಾಣುತ್ತದೆ, ಟ್ರೇಸಿಂಗ್ ಪೇಪರ್ ಸುತ್ತಿ ನೋಡಿಕೊಳ್ಳಿ.

ಮತ್ತೆ ಆ ಕೋವಿಗಳು ಬರೀ ಅಂದಕ್ಕೆ ಮಾಡಿದ್ದಲ್ಲ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಸ್ವಂತ ಸಂಗ್ರಹದ ಒಂದು ಕೋವಿ 7 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಬೆಳ್ಳಿ ಕಟ್ಟಿದ ಚಕಮಕಿ ಕೋವಿ. ಅದರ ಮಜಾ ಏನೆಂದರೆ ಒಂದೇ ನಳಿಗೆಯಲ್ಲಿ ಒಂದರ ಮೇಲೊಂದು ಎರಡು ಈಡು ತುಂಬುವುದು. ಮುಂದಿನದು ಮೊದಲು ಹಾರಬೇಕು, ಹಿಂದಿನದು ಆಮೇಲೆ. ತಪ್ಪಿ ಹಿಂದಿನದಕ್ಕೆ ಮೊದಲು ಕಿಡಿ ತಾಗಿದರೆ ಹಿಡಿದವನ ಕಥೆ ಮುಗಿಯಿತು. ರಾಜರ ಶೋಕಿ ಅಂದರೆ ಅದು.

ಇದನ್ನು ಹೇಳಿದ್ದು ಯಾಕೆಂದರೆ, ಅದು ಟಿಪ್ಪುವಿನ ಕೈಯಲ್ಲಿದ್ದಾಗ ಫಳಫಳ ಹೊಳೆಯುವ ಹೊಸ ಕೋವಿ. ಮಂಕಾಗಿದ್ದು ಕಾಲ ಕಳೆದ ಮೇಲೆ. ನಿಮಗೆ ಬೇಕಾದ್ದು ಅವನ ಕೋವಿಯೋ, ಮ್ಯೂಸಿಯಂ ಕೋವಿಯೋ?

ಕಾಫಿತೋಟ

ಕೊಡಗಿನಿಂದ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಹುಲಿಪಟ್ಟೆಯ ಕೋವಿ ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಯಾಕೆ ಅಂತ ಕೊಡಗಿನ ಚರಿತ್ರೆ ಗೊತ್ತಿದ್ದವರಿಗೆ ಗೊತ್ತು.

ಅದು ಬಿಡಿ. ಕೋವಿಯನ್ನು ಆಟದ ಸಾಮಾನಿನ ಹಾಗೆ ಬಣ್ಣ ಬಳಿದುಕೊಂಡು ಕೂರುವುದೇ ನನಗೆ ಸ್ವಲ್ಪ ವಿಚಿತ್ರ ಅನಿಸಿತು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್, ನಮ್ಮ ಆಯುಧಪೂಜೆ. ಆವತ್ತು ಕೋವಿಯನ್ನೆಲ್ಲ ತೊಳೆದು ಒರೆಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆ) ದೀಪದ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಸಿಗಿಸುತ್ತೇವೆ. ನಮ್ಮ ಅಲಂಕಾರ ಅಷ್ಟೇ. ಕೆಂಪು ಹಳದಿ ಜ್ವಾಲೆಯ ಹಾಗಿರುವ ಹೂ, ಆ ಹೊತ್ತಿಗೆ ಸರಿಯಾಗಿ ಬೇಲಿಯಲ್ಲೆಲ್ಲ ಅರಳಿರುತ್ತದೆ. ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ, ಊಟಕ್ಕೆ ಕಡಂಬುಟ್ಟು, ಪಂದಿಕರಿ.

ತಾತನ ಕೇಪಿನ ಕೋವಿ (ಚಕಮಕಿ ಕಲ್ಲಿನ ಬದಲು ಸಿಡಿಯುವ ಪುಟ್ಟ ಟೋಪಿ ಇಟ್ಟು ಹೊಡೆಯುವುದು) ಇನ್ನೂ ಇದೆ. ಅದರ ಮರಕ್ಕೆ ಯಾರೂ ಬಣ್ಣ ಹಾಕಿಲ್ಲ. ಕೆನ್ನೆ ತಾಗುವ ಜಾಗ ಮಾತ್ರ ಕಪ್ಪಗೆ ನುಣ್ಣಗಾಗಿದೆ.

ನಿರ್ವಾಹಕ

ಇಲ್ಲಿ ಟಿಪ್ಪು ಬಗ್ಗೆ ಪರ ವಿರೋಧ ಶುರುವಾಗಿ ಕೆಲವು ಕಾಮೆಂಟುಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಕಟ್ಟೆ ಇದೆ, ಅಲ್ಲಿ ಜಗಳ ಆಡಿ. ಇಲ್ಲಿ ಮರ, ಹಿತ್ತಾಳೆ, ಮದ್ದು ಅಷ್ಟೇ.

ಓಹಾಯೋಹುಡುಗ

ಕಾಫಿತೋಟ ಅವರೇ, ಬೇಜಾರೇನಿಲ್ಲ. ನನಗೆ ಇದು ನಮ್ಮೂರಿನ ಕಾರ್ಖಾನೆಯ ಕೆಲಸ ಅನ್ನುವ ಪ್ರೀತಿ ಅಷ್ಟೇ, ರಾಜಕೀಯ ಇಲ್ಲ. ನಿಮ್ಮ ಮನೆಯ ಕೋವಿಯ ಬಗ್ಗೆ ಇನ್ನೂ ಬರೆಯಿರಿ. ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ? ಇಲ್ಲಿ ನೆಲಮಾಳಿಗೆಯ ತೇವಕ್ಕೇ ಜನ ಗೋಳಾಡುತ್ತಾರೆ.

ಮರಗೆಲಸ

ಸಾಗರದ ಹತ್ತಿರ ನಮ್ಮ ಮನೆ. ಗಂಧದ ಕೆತ್ತನೆ ಮಾಡುವ ಗುಡಿಗಾರರ ಕೆಲಸ ನೋಡುತ್ತಾ ಬೆಳೆದವನು, ನಾನು ಗುಡಿಗಾರನಲ್ಲ. ಮರದ ಬಗ್ಗೆ ಮಾತ್ರ ಹೇಳುತ್ತೇನೆ, ಕೋವಿ ನನಗೆ ಗೊತ್ತಿಲ್ಲ.

ಬೀಚ್ ಮೇಲೆ ಸುಮ್ನೆ ಬ್ರಷ್ಷಿನಲ್ಲಿ ಬಣ್ಣ ಎಳೆದರೆ ಅದು ಎಳೆ ಹಿಡಿದು ಓಡುತ್ತದೆ. ಚೂಪು ತುದಿ ನಿಲ್ಲುವುದೇ ಇಲ್ಲ, ಮಸಿ ಚೆಲ್ಲಿದ ಹಾಗೆ ಆಗುತ್ತದೆ. ಪಟ್ಟೆಯ ಅಂಚನ್ನು ಮೊದಲು ಚೂಪು ಚಾಕುವಿನ ತುದಿಯಿಂದ ತೆಳ್ಳಗೆ ಗೀರಿ. ಆ ಗೀರು ಬಣ್ಣಕ್ಕೆ ಒಡ್ಡು ಕಟ್ಟಿದ ಹಾಗೆ. ಇಲ್ಲದಿದ್ದರೆ ಮರ ಸುಡುವ ಪೆನ್ನು ಸಿಗುತ್ತಲ್ಲ, ಅದರಲ್ಲಿ ಅಂಚು ಸುಟ್ಟು ಒಳಗೆ ಬಣ್ಣ ತುಂಬಿ. ಸುಟ್ಟ ಗೆರೆಗೆ ಒಂದು ಆಳ ಬರುತ್ತದೆ, ಬೆರಳಿಗೂ ಸಿಗುತ್ತದೆ.

ಅದಕ್ಕೂ ಮೊದಲು ಮರ ತಯಾರಾಗಬೇಕು. 120, 220, 320 ಹೀಗೆ ಮರಳು ಕಾಗದ ಏರಿಸಿಕೊಂಡು ಹೋಗಿ, ಯಾವಾಗಲೂ ಎಳೆಯ ದಿಕ್ಕಿಗೇ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮರದ ಮೇಲೆ ಸಣ್ಣ ರೋಮದಂಥ ಎಳೆ ಎದ್ದು ನಿಲ್ಲುತ್ತದೆ. ಮತ್ತೆ ಮೆಲ್ಲಗೆ ಉಜ್ಜಿ, ಮತ್ತೆ ಒದ್ದೆ ಮಾಡಿ. ಏಳುವುದು ನಿಲ್ಲುವ ತನಕ. ಈ ಕೆಲಸಕ್ಕೆ ಬೇಜಾರುಪಟ್ಟುಕೊಂಡು ಬಣ್ಣ ಹಾಕಿದವರ ಹಿಡಿ ಮೊದಲ ಮಳೆಗೇ ಒರಟಾಗುತ್ತದೆ.

ಧೈರ್ಯ ಇದ್ದರೆ ಮೂರನೇ ದಾರಿ, ಮೈಸೂರಿನ ಇನ್‌ಲೇ. ಬೀಟೆ ಮರದಲ್ಲಿ ಚಿತ್ರದ ಆಕಾರ ತೋಡಿ ಬೇರೆ ಬಣ್ಣದ ಮರದ ಚೂರು ಕೂರಿಸುತ್ತಾರಲ್ಲ, ಅದೇ. ಹಿಂದೆ ದಂತ ಹಾಕುತ್ತಿದ್ದರು, ಈಗ ಬೇರೆ ಮರ, ಪ್ಲಾಸ್ಟಿಕ್ಕು. ನಿಮಗೆ ಉಲ್ಟಾ, ಬಿಳಿ ಮರಕ್ಕೆ ಕಪ್ಪು ಚೂರು. ಬೀಟೆಯನ್ನು ಅಲ್ಲಿಗೆ ತರಿಸಲು ಕಾಗದಪತ್ರದ ರಗಳೆ, ಅಲ್ಲೇ ಸಿಗುವ ವಾಲ್‌ನಟ್ ಸಾಕು. ಆದರೆ ಎಷ್ಟು ಆಳ ತೋಡಬಹುದು ಅಂತ ಕೋವಿ ಗೊತ್ತಿರುವವರು ಹೇಳಲಿ.

ಕರಿಮದ್ದು

ಆಳ ಜಾಸ್ತಿ ಬೇಡ. ಪಿಸ್ತೂಲಿನ ಹಿಡಿಯ ಒಳಗೆ ಕುದುರೆಯ ಯಂತ್ರ ಕೂರುವ ಗುಂಡಿ, ನಳಿಗೆಯ ಕಾಲುವೆ, ಗಜದ ತೂತು ಎಲ್ಲಾ ಇರುತ್ತದೆ. ಅಲ್ಲೆಲ್ಲ ಮರ ತೀರಾ ತೆಳು. ಇನ್‌ಲೇ ಮಾಡುವುದಾದರೆ ಕೈ ಹಿಡಿಯುವ ಗುಂಡುಭಾಗದಲ್ಲಿ ಮಾತ್ರ. ಮುಂದಕ್ಕೆಲ್ಲ ಸುಟ್ಟ ಗೆರೆ ಸಾಕು.

ಇಲ್ಲಿ ಇನ್ನೊಂದು ಮರ ಇದೆ, ಸುರುಳಿ ಎಳೆಯ ಮೇಪಲ್. ಕೆಂಟಕಿ ರೈಫಲ್ ಮಾಡುವವರೆಲ್ಲ ಅದಕ್ಕೇ ಸಾಯುತ್ತಾರೆ. ಕಬ್ಬಿಣ ಕರಗಿಸಿದ ಒಂದು ಆಸಿಡ್ ದ್ರಾವಣ ಸವರಿ, ಒಣಗಿಸಿ, ಬಿಸಿಗಾಳಿ ಹಿಡಿದರೆ ಸಾಕು. ಹಸಿರು ಬೂದಿಯಾಗಿದ್ದ ಮರ ಕಣ್ಣೆದುರೇ ಕೆಂಪು ಕಂದಾಗುತ್ತದೆ, ಪಟ್ಟೆ ಒಂದೊಂದಾಗಿ ಎದ್ದು ಬರುತ್ತದೆ, ಬೆಳಕಿಗೆ ಹಿಡಿದು ತಿರುಗಿಸಿದರೆ ಪಟ್ಟೆಯೂ ಜಾಗ ಬದಲಿಸುತ್ತದೆ. ಅದು ಬಬ್ರಿ ಅಲ್ಲ, ಪೇಟೆಬೀದಿಯವರು ಬೈಯುತ್ತಾರೆ. ಆದರೂ ಒಂದು ಸಲ ನೋಡಿ. ನಿಮ್ಮ ಬೀಚ್‌ಗೆ ಆ ಆಸಿಡ್ ಹಾಕಬೇಡಿ, ದಂಡ.

ನಳಿಗೆಗೆ ನೀಲಿ ಬಣ್ಣ ಕೊಡಬೇಡಿ, ಕಂದು ಕೊಡಿ. 18ನೇ ಶತಮಾನದ ಪಿಸ್ತೂಲಿಗೆ ಅದೇ ಒಪ್ಪುತ್ತದೆ. ಕೊಳೆ, ಜಿಡ್ಡು ಪೂರ್ತಿ ತೆಗೆದು, ಒಳಗೆ ಹೋಗದ ಹಾಗೆ ಎರಡೂ ಕಡೆ ಬಿಗಿಯಾಗಿ ಮುಚ್ಚಿ, ಬ್ರೌನಿಂಗ್ ದ್ರಾವಣ ಸವರಿ ತೇವ ಇರುವ ಕಡೆ ಬಿಡಿ. ನಾನು ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಬಾಗಿಲು ಹಾಕುತ್ತೇನೆ. ಸಣ್ಣ ತುಕ್ಕು ಏಳುತ್ತದೆ, ಒರಟು ಬಟ್ಟೆಯಲ್ಲಿ ಒರೆಸಿ ಮತ್ತೆ ಸವರಿ. ಬಣ್ಣ ಸಾಕೆನಿಸಿದಾಗ ಅಡುಗೆ ಸೋಡಾ ನೀರಿನಲ್ಲಿ ತೊಳೆದರೆ ತುಕ್ಕು ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ಎಣ್ಣೆ. ಮನೆಯವರಿಗೆ ಮೊದಲೇ ಹೇಳಿ ಮಾಡಿ.

ಕಾಫಿತೋಟ

ತುಕ್ಕಿನ ಬಗ್ಗೆ ಕೇಳಿದಿರಿ. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಿಗ್ಗೆ ನಳಿಗೆಯ ಒಳಗೆ ಕೆಂಪು. ಹೊಡೆದ ದಿನವೇ ಕುದಿಯುವ ನೀರು ಹೊಯ್ದು ತೊಳೆಯಬೇಕು. ನೀರು ಬಿಸಿ ಇದ್ದಷ್ಟೂ ಒಳ್ಳೆಯದು, ಕಬ್ಬಿಣ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಗಜಕ್ಕೆ ಬಟ್ಟೆ ಸುತ್ತಿ ಎಣ್ಣೆ. ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತೇವೆ, ಹೆಚ್ಚಿನ ಎಣ್ಣೆ ಮರಕ್ಕೆ ಇಳಿಯದ ಹಾಗೆ.

ಇನ್ನೊಂದು. ಅಟ್ಟದ ಮೇಲೆ, ಮೂಲೆಯಲ್ಲಿ ಸಿಕ್ಕಿದ ಹಳೇ ಕೋವಿ ಖಾಲಿ ಅಂತ ಯಾರೂ ನಂಬಬೇಡಿ. ಬಾಯಿಂದ ತುಂಬುವ ಕೋವಿಯಲ್ಲಿ ತುಂಬಿರುವುದು ಕಣ್ಣಿಗೆ ಕಾಣುವುದಿಲ್ಲ. ಅಜ್ಜ ತುಂಬಿಟ್ಟ ಈಡು ಮೊಮ್ಮಗನ ಕಾಲಕ್ಕೂ ಒಳಗೇ ಇರಬಹುದು, ಒಣಗಿದ್ದರೆ ಉರಿಯಲೂಬಹುದು. ಗಜ ಒಳಗೆ ಬಿಟ್ಟು ಬಾಯಿಯ ಹತ್ತಿರ ಬೆರಳಿನಿಂದ ಗುರುತು ಹಿಡಿದು, ಅದೇ ಗಜವನ್ನು ಹೊರಗೆ ನಳಿಗೆಯ ಪಕ್ಕ ಇಟ್ಟು ನೋಡಿ. ಗಜದ ತುದಿ ಕೇಪು ಕೂರುವ ಜಾಗದ ತನಕ ಬರಬೇಕು. ಒಂದೆರಡು ಬೆರಳಗಲ ಮೊದಲೇ ನಿಂತರೂ ಒಳಗೆ ಏನೋ ಇದೆ. ನೀವು ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಬಂದೂಕು ಅಂಗಡಿಯವರನ್ನು ಕರೆಯಿರಿ. ಇದನ್ನೆಲ್ಲ ಮಾಡುವಾಗ ಬಾಯಿಯ ಎದುರು ಮುಖ ತರಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಅಡಿಕೆಮನೆ

ಕಾಫಿತೋಟ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮದು ತೀರ್ಥಹಳ್ಳಿ ಕಡೆ, ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೇಪಿನ ಕೋವಿ. ಮಂಗ ಓಡಿಸಲು ಬರೀ ಮದ್ದು ಹಾಕಿ ಶಬ್ದ ಮಾಡುವುದು, ಅಷ್ಟೇ ಉಪಯೋಗ. ಅದರ ದೊಡ್ಡ ಶತ್ರು ತುಕ್ಕಲ್ಲ ಮಾರಾಯ್ರೆ, ಚುನಾವಣೆ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಯಾವುದು ಬಂದರೂ ಕೋವಿ ತಂದು ಒಪ್ಪಿಸಿ ಅಂತ ಆರ್ಡರ್. ಒಂದು ಸಲ ವಾಪಸ್ ಬಂದಾಗ ಹಿಡಿ ಬಿರುಕು ಬಿಟ್ಟಿತ್ತು, ಯಾವುದರ ಕೆಳಗೆ ಬಿದ್ದಿತ್ತೋ ಏನೋ. ಹಿತ್ತಾಳೆ ತಂತಿ ಸುತ್ತಿ ಬಿಗಿ ಮಾಡಿಸಿದೆ. ನೋಡಿದವರು ಡಿಸೈನ್ ಚೆನ್ನಾಗಿದೆ ಅಂತಾರೆ!

ಕಾನೂನುಕಟ್ಟೆ

ಓಹಾಯೋದವರೇ, ಕೆಲಸ ಮುಗಿದ ಮೇಲೆ ಊರಿಗೆ ತಂದು ಅಪ್ಪನಿಗೆ ತೋರಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆ ಈ ಥರದ ಬಾಯಿಂದ ತುಂಬುವ ಹಳೇ ಮಾದರಿಯನ್ನು ‘ಆಂಟಿಕ್’ ಅಂತ ಹೊರಗಿಡುತ್ತದೆ. ಅದಕ್ಕೇ ನಿಮಗೆ ಕಿಟ್ ಅಷ್ಟು ಸಲೀಸಾಗಿ ಸಿಕ್ಕಿದ್ದು. ಅಲ್ಲಿಯೂ ರಾಜ್ಯಕ್ಕೊಂದು ಕಾನೂನು. ಇಲಿನಾಯ್, ನ್ಯೂಜೆರ್ಸಿಗಳಲ್ಲಿ ಬಿಗಿ ಜಾಸ್ತಿ, ಮನೆ ಬದಲಿಸುವ ಮುಂಚೆ ವಿಚಾರಿಸಿ. ವೀಸಾದಲ್ಲಿ ಇರುವವರಂತೂ ವಕೀಲರನ್ನು ಕೇಳಿಯೇ ಮುಟ್ಟಿ.

ಭಾರತದಲ್ಲಿ 1959ರ ಆಯುಧ ಕಾಯ್ದೆಗೆ ಇದು ಬಂದೂಕೇ, ಹೊಸದಾದರೇನು, ಹಳೇ ಮಾದರಿಯಾದರೇನು. ಸೆಕ್ಷನ್ 45ರಲ್ಲಿ ಪುರಾತನ ಆಯುಧಕ್ಕೆ ವಿನಾಯಿತಿ ಇದೆ ಅಂತ ಕೆಲವರು ವಾದಿಸುತ್ತಾರೆ. ಪೂರ್ತಿ ಓದಿದರೆ, ರಿಪೇರಿ ಮಾಡಿದರೂ ಹಾರದಂಥ ಆಯುಧಕ್ಕೆ ಮಾತ್ರ ಅದು. ನಿಮ್ಮದು ಹಾರುತ್ತದೆ.

ಕೊಡಗಿನ ವಿನಾಯಿತಿ ಬೇರೆ ಲೆಕ್ಕ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಟ್ಟಿದ್ದು. ಈಗ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದನ್ನು ನೋಡಿ ನಮಗೂ ಇದೆ ಅಂತ ಬೇರೆ ಜಿಲ್ಲೆಯವರು ಅಂದುಕೊಳ್ಳಬೇಡಿ.

ಚೌತಿಪೆಟ್ಲು

ಇಷ್ಟೆಲ್ಲ ಕಾನೂನು ಓದಿ ತಲೆ ತಿರುಗಿತು. ನನ್ನ ಕೋವಿಗೆ ಲೈಸೆನ್ಸೂ ಬೇಡ, ಠಾಣೆಗೂ ಒಪ್ಪಿಸಬೇಕಿಲ್ಲ. ಶಿರಸಿ ಕಡೆಯ ಬಿದಿರಿನ ಪೆಟ್ಲು! ಒಂದು ಗೇಣು ಚಿಲ್ಲರೆ ಉದ್ದದ ಬಿದಿರಿನ ಕೊಳವೆ, ಅದಕ್ಕೆ ಸರಿಯಾಗಿ ಕೂರುವ ಕೋಲು. ಹಸಿ ಜುಮ್ಮನಕಾಯಿ ಒಂದನ್ನು ತುದಿಯ ತನಕ ತಳ್ಳಿ ಅಲ್ಲೇ ನಿಲ್ಲಿಸಬೇಕು. ಇನ್ನೊಂದನ್ನು ಹಿಂದಿನಿಂದ ಹಾಕಿ ಜೋರಾಗಿ ದಬ್ಬಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ‘ಫಟ್’. ಕೈಗೆಲ್ಲ ಕಾಯಿಯ ವಾಸನೆ, ಆ ವಾಸನೆ ಬಂದರೇ ಚೌತಿ ಬಂತು ಅಂತ ಲೆಕ್ಕ. ಬಸ್ತರದ ಜಗದಲ್‌ಪುರದಲ್ಲಿ ರಥಯಾತ್ರೆಯ ಗೋಂಚಾ ಹಬ್ಬಕ್ಕೆ ಇದನ್ನೇ ‘ತುಪ್ಕಿ’ ಅಂತ ಮಾರುತ್ತಾರೆ, ಬಣ್ಣದ ಕಾಗದ, ತಾಳೆಗರಿ ಸುತ್ತಿ ಚೆಂದ ಮಾಡಿರುತ್ತಾರೆ. ಅದನ್ನು ನೋಡಿ ನಾನೂ ನನ್ನದಕ್ಕೆ ಚನ್ನಪಟ್ಟಣದ ಅರಗಿನ ಬಣ್ಣ ಹಚ್ಚಿಸಿದೆ. ಅಣ್ಣನ ಮಕ್ಕಳು ಕಿತ್ತುಕೊಂಡು ಹೋದವರು ವಾಪಸ್ ಕೊಟ್ಟಿಲ್ಲ.

ಹುಲಿಪಟ್ಟೆ ನನ್ನ ಪೆಟ್ಲಿಗೂ ಬರೆದುಕೊಡಿ.

ಓಹಾಯೋಹುಡುಗ

ಹಹ್ಹಾ, ಪೆಟ್ಲು ನೆನಪಿಸಿದ್ದಕ್ಕೆ ಥ್ಯಾಂಕ್ಸ್.

ಸರಿ, ತೀರ್ಮಾನ ಮಾಡಿದ್ದೇನೆ. ಹಳೇದು ಮಾಡುವುದಿಲ್ಲ. ಅಂಚು ಸುಟ್ಟು ಬಬ್ರಿ, ಮುಂದೆ ಬರುತ್ತಾ ಚಿಕ್ಕದಾಗುವ ಹಾಗೆ. ಹಿಡಿಯ ಗುಂಡುಭಾಗದ ಮೇಲೆ ಮಾತ್ರ ನಾಲ್ಕು ವಾಲ್‌ನಟ್ ಚೂರು ಇನ್‌ಲೇ. ನಳಿಗೆ ಕಂದು, ಹಿತ್ತಾಳೆ ಹೊಳೆಯುವ ಹಾಗೆ. ಹಿತ್ತಾಳೆಯ ಅಚ್ಚಿನ ಗೆರೆಯನ್ನು ಅರದಲ್ಲಿ ತೆಗೆಯುತ್ತಿದ್ದೇನೆ, ಟ್ರಿಗರ್ ಸುತ್ತಿನ ಬಳೆಯ ಒಳಗಡೆ ಅರ ಹೋಗುವುದೇ ಇಲ್ಲ, ಉಗುರಿನ ಅಗಲದ ಮರಳು ಕಾಗದದ ಪಟ್ಟಿ ಮಾಡಿ ಬೂಟ್ ಪಾಲಿಶ್ ಮಾಡುವವರ ಹಾಗೆ ಎಳೆದಾಡಿದೆ. ಪರವಾಗಿಲ್ಲ, ಬಂತು.

ಎರಡು ಪ್ರಶ್ನೆ. ನಳಿಗೆಯ ಮೇಲೆ ಇಸವಿ ಕೊರೆಸಬೇಕು, ಟಿಪ್ಪು ಲೆಕ್ಕದಲ್ಲಿ ಹೇಗೆ ಬರೆಯುತ್ತಿದ್ದರು? ಮತ್ತೆ ಗುಂಡಿಗೆ ಸುತ್ತುವ ಬಟ್ಟೆಗೆ ತುಪ್ಪ ಸವರಬಹುದಾ? ನಗಬೇಡಿ, ಮನೆಯಲ್ಲಿ ಅದೇ ಇರುವುದು.

ಪೇಟೆಬೀದಿ

ಅವನು ಮೌಲೂದಿ ಅಂತ ಬೇರೆಯೇ ಶಕೆ ತಂದ. ಆಗಿನ ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನೀವು 2025 ಅಂತ ಬರೆಸುವುದಾದರೆ 5202 ಅಂತ ಕೊರೆಸಿ, ಬಂದವರೆಲ್ಲ ಕೇಳುತ್ತಾರೆ, ಕಥೆ ಹೇಳಬಹುದು. ಆದರೆ ಇಂದಿನ ಇಸವಿಯನ್ನೇ ಹಾಕಿ. ಹಳೇ ಇಸವಿ ಕೊರೆಸಿದರೆ ನಾಳೆ ಯಾರದೋ ಕೈಗೆ ಹೋಗಿ ಅಸಲಿ ಅಂತ ಮಾರಾಟ ಆಗುತ್ತದೆ. ಅಂಥ ನಕಲಿಗಳಿಂದ ಸಂಗ್ರಹಕಾರರು ಈಗಾಗಲೇ ಸಾಕಷ್ಟು ಟೋಪಿ ಹಾಕಿಸಿಕೊಂಡಿದ್ದಾರೆ.

ಕರಿಮದ್ದು

ಕೊರೆಯುವುದಿದ್ದರೆ ಎಂಗ್ರೇವರ್ ಹತ್ತಿರ ಕೊಡಿ, ಮೇಲ್ಮೈ ಗೀರಿದರೆ ಸಾಕು, ಆಳ ಬೇಡ.

ತುಪ್ಪಕ್ಕೆ ನಗುವುದಿಲ್ಲ, ಇಲ್ಲಿಯವರು ಹಿಂದಿನಿಂದಲೂ ಪ್ರಾಣಿ ಕೊಬ್ಬು, ಜೇನುಮೇಣ ಬೆರೆಸಿಯೇ ಸವರುತ್ತಾರೆ. ಕರಿಮದ್ದಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಡಾಂಬರಿನಂಥ ಜಿಗುಟು ಕಟ್ಟುತ್ತದೆ. ನಾನು ಆಲಿವ್ ಎಣ್ಣೆ ಮತ್ತು ಜೇನುಮೇಣ. ತುಪ್ಪದಲ್ಲಿ ಉಪ್ಪು ಇಲ್ಲದಿದ್ದರೆ ಸಾಕು. ಬೇಸಿಗೆಯಲ್ಲಿ ಕರಗಿ ಮದ್ದಿಗೆ ಇಳಿಯುತ್ತದೆ, ಮೇಣ ಸೇರಿಸಿ ಗಟ್ಟಿ ಮಾಡಿ. ಮತ್ತೆ ಅಂಗಡಿಯಲ್ಲಿ ಸಿಗುವ ಕರಿಮದ್ದು ಅಥವಾ ಅದಕ್ಕೆ ಬದಲಿ ಅಂತಲೇ ಬರೆದಿರುವುದು ಮಾತ್ರ. ಇಂದಿನ ಹೊಗೆರಹಿತ ಮದ್ದು ಚಿಟಿಕೆಯೂ ಬೇಡ, ನಳಿಗೆ ಸಿಡಿಯುತ್ತದೆ. ಅಳತೆ ಕಿಟ್ ಜೊತೆ ಬಂದ ಪುಸ್ತಕದಲ್ಲಿದೆ, ಅದಕ್ಕಿಂತ ಒಂದು ಕಾಳೂ ಜಾಸ್ತಿ ಹಾಕಬೇಡಿ.

ಮೊದಲ ಸಲ ಹೊಡೆಯುವಾಗ ಚಕಮಕಿಗೆ ಒಂದು ಸಣ್ಣ ಅಂತರ ಇರುತ್ತದೆ. ಕಲ್ಲು ಬಡಿದು ಕಿಡಿ, ನಳಿಗೆಯ ಹೊರಗೆ ಪಕ್ಕದಲ್ಲಿರುವ ಪುಟ್ಟ ಬಟ್ಟಲಿನ ಮದ್ದು ‘ಭುಸ್’, ಆಮೇಲೆ ‘ಢಂ’. ಆ ಮಧ್ಯದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಅಲ್ಲಾಡಿಸುತ್ತಾರೆ. ಗುರಿ ಹಿಡಿದೇ ಇರಿ. ಭುಸ್ ಅಂದು ಢಂ ಅನ್ನದಿದ್ದರೆ ಇನ್ನೂ ಹುಷಾರು, ಬಾಯಿ ಗುರಿಯ ಕಡೆಗೇ ಇರಲಿ, ಒಂದೆರಡು ನಿಮಿಷ ಅಲ್ಲಾಡಬೇಡಿ. ಕನ್ನಡಕ, ಕಿವಿಗೆ ಮುಚ್ಚಳ ಬೇಕೇ ಬೇಕು.

ಸೆಪ್ಟೆಂಬರ್‌ನಲ್ಲಿ ಫ್ರೆಂಡ್‌ಶಿಪ್‌ಗೆ ಬನ್ನಿ. ಇಂಡಿಯಾನಾದ ಸಣ್ಣ ಊರು, ಸಿನ್ಸಿನಾಟಿಯಿಂದ ದೂರವಿಲ್ಲ. 1933ರಲ್ಲಿ ಶುರುವಾದ ಮಝಲ್ ಲೋಡಿಂಗ್ (ಬಾಯಿಂದ ತುಂಬುವ ಕೋವಿಗಳ) ಸಂಘದ ಮೈದಾನ ಅಲ್ಲಿದೆ, ಜೂನ್ ಮತ್ತು ಸೆಪ್ಟೆಂಬರಿಗೆ ದೊಡ್ಡ ಪಂದ್ಯ. ಚರ್ಮದ ಅಂಗಿ ಹಾಕಿದ ಅಜ್ಜಂದಿರು ನಿಮ್ಮ ಪಿಸ್ತೂಲು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ, ಬಬ್ರಿ ಏನೆಂದು ಕೇಳದೆ ಬಿಡುವುದಿಲ್ಲ.

ಮರಗೆಲಸ

ಕೊನೆಗೆ ಎಣ್ಣೆ ಹೇಳುವುದು ಉಳಿದಿತ್ತು. ಕುದಿಸಿದ ಅಗಸೆ ಎಣ್ಣೆ, ತೀರಾ ತೆಳ್ಳಗೆ, ಅಂಗೈಯಿಂದಲೇ ಬಿಸಿ ಹತ್ತುವ ತನಕ ತಿಕ್ಕಿ. ಒಣಗಿದ ಮೇಲೆ ಇನ್ನೊಂದು ಸಲ. ಜಾಸ್ತಿ ಹಾಕಿದರೆ ಅಂಟಂಟು ಉಳಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿಕೊಂಡು ತಾನೇ ಹೊತ್ತಿಕೊಳ್ಳುತ್ತದೆ. ನಿಮ್ಮ ಕಡೆ ಮನೆಗಳೆಲ್ಲ ಮರದ್ದೇ ಅಲ್ವಾ? ಹೊರಗೆ ತಂತಿಗೆ ಬಿಡಿಸಿ ಹರವಿ, ಇಲ್ಲ ನೀರಿನ ಡಬ್ಬದಲ್ಲಿ ಮುಳುಗಿಸಿಡಿ.

ಕಾಫಿತೋಟ

ಫೋಟೋ ಹಾಕಿ. ಹುಲಿಪಟ್ಟೆ ಇದ್ದರೂ ನೋಡುತ್ತೇನೆ. ಹಿತ್ತಾಳೆಯ ಕೆಲಸ ಹೇಗೆ ಬಂತು ಅಂತ ಹೇಳಬಹುದು.

ಅಡಿಕೆಮನೆ

ಆ ಅಗಸೆ ಎಣ್ಣೆ ನಮ್ಮ ಕಡೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಮರಗೆಲಸದವರೇ? ತಂತಿ ಸುತ್ತಿದ ಹಿಡಿಗೂ ಹಚ್ಚಬಹುದಾ?

ಮರಗೆಲಸ

ಪೇಂಟ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿ, ಡಬಲ್ ಬಾಯ್ಲ್ಡ್ ಕೊಡಿ ಅನ್ನಿ. ತಂತಿ ಬಿಚ್ಚಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮತ್ತೆ ಸುತ್ತಿ. ಬಿರುಕಿಗೆ ಮೊದಲು ಅಂಟು ತುಂಬಿಸಬೇಕು, ಎಣ್ಣೆ ಕುಡಿದ ಮರಕ್ಕೆ ಆಮೇಲೆ ಅಂಟು ಹಿಡಿಯುವುದಿಲ್ಲ.